ಶ್ರೀಕೃಷ್ಣ ಪಾರಿಜಾತ

ಉತ್ತರ ಕರ್ನಾಟಕದ ಬಯಲಾಟ ಪ್ರಕಾರಗಳಲ್ಲೊಂದು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಹೆಚ್ಚು ಪ್ರಚಾರದಲ್ಲಿರುವ ಈ ಆಟದ ಮೇಲೆ ಗೋಕಾಕ ಸೀಮೆಯ ಋಣ ದೊಡ್ಡದು. ಮೂಲ ಕೃತಿ ಅಪರಾಳ ತಮ್ಮಣ್ಣನದು, ಅದನ್ನು ತಿದ್ದಿ ಆಟಕ್ಕೆ ಒಗ್ಗಿಸಿದವನು ಕುಲಗೋಡ ತಮ್ಮಣ್ಣ ಎಂಬುದು ವಿದ್ವಾಂಸರಲ್ಲಿ ರೂಢಿಯಾಗಿರುವ ಅಭಿಪ್ರಾಯ. ಕುಲಗೋಡವು ಮೂಡಲಗಿ ಬೇರೆ ತಾಲ್ಲೂಕಾಗುವ ಮುನ್ನ ಗೋಕಾಕಕ್ಕೆ ಸೇರಿತ್ತು.

ಕಥೆ ಚಿಕ್ಕದು. ನಾರದ ತಂದ ಪಾರಿಜಾತ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಡುತ್ತಾನೆ, ಸತ್ಯಭಾಮೆ ಮುನಿಯುತ್ತಾಳೆ, ಅವಳನ್ನು ಒಲಿಸುವುದೇ ಇಡೀ ರಾತ್ರಿಯ ಕೆಲಸ. ಯುದ್ಧ, ಆರ್ಭಟಗಳೇ ಮುಂದಾಗುವ ದೊಡ್ಡಾಟದ ಅಬ್ಬರ ಇಲ್ಲಿಲ್ಲ. ಹಾರ್ಮೋನಿಯಂ, ತಬಲಾ, ತಾಳಗಳ ಹಿಮ್ಮೇಳ ಸಾಕು. ಹಾಡುಗಳು ಕಟ್ಟಿಟ್ಟವು, ಮಾತು ಮಾತ್ರ ಆಯಾ ರಾತ್ರಿಯದು. ರಂಗಕ್ಕೆ ಬಂದ ಪಾತ್ರವನ್ನು ಭಾಗವತ ತಡೆದು ಹೆಸರು, ಊರು, ಬಂದ ಕಾರಣ ಕೇಳುತ್ತಾನೆ. ಭಾಮೆ ಗ್ರಾಂಥಿಕದಲ್ಲಿ ದುಃಖ ತೋಡಿಕೊಂಡರೆ, ಸಖಿಯಾಗಿ ನಿಂತ ಭಾಗವತ ಅಪ್ಪಟ ಜವಾರಿ ಮಾತಿನಲ್ಲಿ ಚೇಷ್ಟೆ ಮಾಡುತ್ತಾನೆ. ಆ ಊರಿನ ಮಳೆ, ಗೌಡ, ಸಾಲ ಎಲ್ಲವೂ ದ್ವಾರಕೆಯೊಳಗೆ ನುಗ್ಗುವುದು ಇದೇ ಸಂದಿನಲ್ಲಿ. ಪಾರಿಜಾತದ ನಿಜವಾದ ಕರ್ತೃತ್ವದಲ್ಲಿ ಊರಿಗೂ ಪಾಲಿದೆ ಎನ್ನಬೇಕು.

ಸುಗ್ಗಿ ಮುಗಿದ ಮೇಲೆ ಗುಡಿಯ ಕಟ್ಟೆಯಲ್ಲೋ ಚಾವಡಿಯಲ್ಲೋ ಮಾಸ್ತರರ ಮುಂದೆ ತಾಲೀಮು ನಡೆಯುತ್ತದೆ. ವಯಸ್ಸಾದವರು ಹಿಮ್ಮೇಳದಲ್ಲಿ, ಹರೆಯದವರು ಪಾತ್ರದಲ್ಲಿ. ಸುತ್ತ ಕೂತ ಹುಡುಗರು ಕಲಿಯುವುದು ಕೇಳಿ ಕೇಳಿಯೇ. ಜಾತ್ರೆಯ ರಾತ್ರಿ ಮೆಚ್ಚಿದವರು ಆಟದ ನಡುವೆಯೇ ಆಯೇರಿ ಮಾಡುತ್ತಾರೆ. ಕೊಟ್ಟವರ ಹೆಸರು ಕೂಗಿ ಹೇಳುವ ತನಕ ಕೃಷ್ಣನೂ ಕಾಯಬೇಕು.

ಹೆಣ್ಣುಮಕ್ಕಳು ರಂಗಕ್ಕೆ ಬಂದದ್ದು ಈ ಪ್ರಕಾರದ ಹೆಚ್ಚುಗಾರಿಕೆ. ಕೌಜಲಗಿ ನಿಂಗಮ್ಮ ಅವರಲ್ಲಿ ಅಗ್ರಗಣ್ಯರು. ಊರ ಹೆಸರು ಅವರ ಹೆಸರಿಗೇ ಅಂಟಿಕೊಂಡಿದೆ.

ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಬಯಲಾಟ ನೋಡುತ್ತ ಬೆಳೆದವರು. ಉತ್ತರ ಕರ್ನಾಟಕದ ಜಾನಪದ ರಂಗಭೂಮಿಯೇ ಅವರ ಸಂಶೋಧನೆಯ ವಿಷಯವಾಯಿತು. ಮೇಳ, ಭಾಗವತ, ಹಾಡುಗಳ ಆ ಕಟ್ಟನ್ನು 'ಜೋಕುಮಾರಸ್ವಾಮಿ'ಯಂಥ ನಾಟಕಗಳ ಮೂಲಕ ಅವರು ಆಧುನಿಕ ರಂಗಭೂಮಿಗೆ ದಾಟಿಸಿದರು.

ಈಚೆಗೆ ಪೇಟೆಯ ಉತ್ಸವಗಳಿಗಾಗಿ ಆಟವನ್ನು ಒಂದೆರಡು ಗಂಟೆಗೆ ಇಳಿಸುವುದುಂಟು. ಹಾಡುಗಳು ಹೇಗೋ ಉಳಿಯುತ್ತವೆ; ಮೊದಲು ಕತ್ತರಿ ಬೀಳುವುದು ಸಖಿಯ ಮಾತಿಗೆ.