ಸಾಕೆಟ್ಟಿನ ಮೈಮೇಲಿನ ಅಂಕಿ

ನನ್ನ ಸೋದರಮಾವನವರು ಹಳೆಯ ಮೈಸೂರು ಸೀಮೆಯ ಒಂದು ತಾಲ್ಲೂಕು ಊರಿನಲ್ಲಿ 1950ರ ದಶಕದ ಕೊನೆಯಿಂದ ಸುಮಾರು ನಲವತ್ತು ವರ್ಷಕಾಲ ಮೋಟಾರು ರಿಪೇರಿಯ ಅಂಗಡಿಯನ್ನು ನಡೆಸಿದರು. ಅವರು ಕಾಲವಾದ ಮೇಲೆ ಅಂಗಡಿಯ ಸಾಮಾನುಗಳೆಲ್ಲ ಒಂದೊಂದಾಗಿ ಕೈಬಿಟ್ಟುಹೋದವು. ಯಾರಿಗೂ ಬೇಡವಾದ ಒಂದು ತಗಡಿನ ಪೆಟ್ಟಿಗೆ ಮಾತ್ರ ನನ್ನ ಮನೆಗೆ ಬಂದು ಪುಸ್ತಕದ ಬೀರುವಿನ ಕೆಳಗೆ ಬಹಳ ಕಾಲ ಕುಳಿತಿತ್ತು. ನಿವೃತ್ತಿಯ ಬಿಡುವಿನಲ್ಲಿ ಒಂದು ದಿನ ಅದನ್ನು ತೆರೆದೆ. ಒಳಗೆ ಜಿಡ್ಡು ಹಿಡಿದ ಸಾಕೆಟ್ಟುಗಳು; ಎಣಿಸಿದರೆ ಐವತ್ತೆರಡು. ಸಾಕೆಟ್ಟೆಂದರೆ, ಬೋಲ್ಟಿನ ಆರುಮೂಲೆಯ ತಲೆಯ ಮೇಲೆ ಟೊಪ್ಪಿಗೆಯಂತೆ ಕೂರುವ ಉಕ್ಕಿನ ಬಟ್ಟಲು. ಹಿಂಬದಿಯ ಚೌಕ ರಂಧ್ರಕ್ಕೆ ಹಿಡಿಯನ್ನು ಸಿಕ್ಕಿಸಿ ತಿರುಗಿಸುತ್ತಾರೆ. ಪ್ರತಿಯೊಂದರ ಮೈಮೇಲೂ ಅಳತೆಯ ಅಂಕಿಯನ್ನು ಒತ್ತಿರುತ್ತಾರೆ. ಶಾಸನಗಳ ಪಾಠವನ್ನು ಮೂವತ್ತು ವರ್ಷ ಹೇಳಿದವನಿಗೆ ಅಕ್ಷರ ಕೊರೆದ ವಸ್ತು ಕೈಗೆ ಸಿಕ್ಕಿದರೆ ಸುಮ್ಮನಿರಲಾಗುವುದಿಲ್ಲ. ಡೀಸೆಲ್ಲಿನಲ್ಲಿ ತೊಳೆದು, ಒರೆಸಿ, ಸೀಮೆಸುಣ್ಣದ ಪುಡಿಯನ್ನು ಉಜ್ಜಿ ಓದಲು ಕುಳಿತೆ.

ಮೊದಲ ಹೆಜ್ಜೆಯಲ್ಲೇ ಎಡವಿದೆ. ಎರಡು ಸಾಕೆಟ್ಟುಗಳ ಮೇಲೆ 1/2 ಎಂದು ಸ್ಪಷ್ಟವಾಗಿ ಕೊರೆದಿತ್ತು. ಎರಡೂ ಅರ್ಧ ಅಂಗುಲದವು ಎಂದಾಯಿತಲ್ಲವೆ? ಆದರೆ ಒಂದರ ಬಾಯಲ್ಲಿ ಕಿರುಬೆರಳು ಮಾತ್ರ ಹಿಡಿಯುತ್ತಿತ್ತು. ಇನ್ನೊಂದರಲ್ಲಿ ಹೆಬ್ಬೆರಳು ಸಲೀಸಾಗಿ ಇಳಿಯಿತು. ಅಳೆದು ನೋಡಿದರೆ ಮೊದಲನೆಯದರ ಬಾಯಿ 12.7 ಮಿಲಿಮೀಟರು, ಎರಡನೆಯದರದು ಸುಮಾರು 23.4. ಒಂದೇ ಅಂಕಿ, ಹೆಚ್ಚುಕಡಿಮೆ ಇಮ್ಮಡಿ ಅಳತೆ! ಎರಡನೆಯದರ ಅಂಕಿಯ ಪಕ್ಕದಲ್ಲಿ ಡಬ್ಲ್ಯೂ ಎಂಬ ಇಂಗ್ಲಿಷ್ ಅಕ್ಷರದ ಮಸಕು ಗೆರೆಗಳಿದ್ದವು. ನಮ್ಮ ದತ್ತಿಶಾಸನಗಳಲ್ಲಿ ಇಷ್ಟು ಮತ್ತರು ಭೂಮಿ ಎಂದು ಹೇಳುವಾಗ ಯಾವ ಕೋಲಿನಲ್ಲಿ ಅಳೆದದ್ದೆಂಬುದನ್ನೂ ಎಷ್ಟೋ ಕಡೆ ಹೇಳಿರುತ್ತಾರೆ. ಬಳ್ಳಿಗಾವೆಯ ಶಾಸನಗಳಲ್ಲಿ ಬರುವ ಭೇರುಂಡ ಗಳೆ ಅಂಥ ಒಂದು ಕೋಲು. ಆ ಡಬ್ಲ್ಯೂ ಕೂಡ ಕೋಲಿನ ಹೆಸರೇ. ಅದು ಜೋಸೆಫ್ ವಿಟ್‌ವರ್ತ್ ಎಂಬ ಇಂಗ್ಲಿಷ್ ಯಂತ್ರಶಿಲ್ಪಿಯ ಹೆಸರಿನ ಮೊದಲಕ್ಷರ.

ವಿಟ್‌ವರ್ತ್ 1803ರಲ್ಲಿ ಸ್ಟಾಕ್‌ಪೋರ್ಟಿನಲ್ಲಿ ಹುಟ್ಟಿದವನು. ಲಂಡನ್ನಿನಲ್ಲಿ ಹೆನ್ರಿ ಮಾಡ್ಸ್ಲೆಯ ಕಾರ್ಯಾಗಾರದಲ್ಲಿ ಪಳಗಿ, ಆಮೇಲೆ ಮ್ಯಾಂಚೆಸ್ಟರಿನಲ್ಲಿ ಸ್ವಂತ ಕಾರ್ಖಾನೆಯನ್ನು ತೆರೆದನು. ಆ ಕಾಲದ ಇಂಗ್ಲೆಂಡಿನಲ್ಲಿ ಒಂದೊಂದು ಕಾರ್ಖಾನೆಗೂ ಒಂದೊಂದು ಬಗೆಯ ತಿರುಪು. ಒಂದು ಊರಿನ ಬೋಲ್ಟು ಕಳೆದುಹೋದರೆ ಇನ್ನೊಂದು ಊರಿನ ಬೋಲ್ಟು ಅಲ್ಲಿ ಸೇರುತ್ತಿರಲಿಲ್ಲ. ವಿಟ್‌ವರ್ತ್ ಮಾಡಿದ ಕೆಲಸ ಬಹಳ ಸರಳವಾದದ್ದು. ದೇಶದ ಮುಖ್ಯ ಕಾರ್ಖಾನೆಗಳಿಂದೆಲ್ಲ ಬೋಲ್ಟುಗಳನ್ನು ತರಿಸಿ, ಅಳೆದು, ಅವುಗಳ ಸರಾಸರಿಯನ್ನು ತೆಗೆದು, 55 ಡಿಗ್ರಿ ಕೋನದ ಒಂದೇ ಮಾದರಿಯ ಥ್ರೆಡ್ಡನ್ನು 1841ರಲ್ಲಿ ಲಂಡನ್ನಿನ ಸಿವಿಲ್ ಇಂಜಿನಿಯರುಗಳ ಸಂಸ್ಥೆಯ ಮುಂದಿಟ್ಟನು. ರೈಲ್ವೆಗಳು ಅದನ್ನು ಒಪ್ಪಿಕೊಂಡವು. ಬ್ರಿಟಿಷ್ ಯಂತ್ರಗಳು ಹೋದಲ್ಲೆಲ್ಲ ಅದೂ ಹೋಯಿತು.

ಈ ಪದ್ಧತಿಯಲ್ಲಿ ಸ್ಪ್ಯಾನರಿನ ಮೇಲೆ ಬರೆಯುವ ಅಂಕಿ ಸ್ಪ್ಯಾನರಿನ ಬಾಯಿಯ ಅಳತೆಯಲ್ಲ. ಅದು ತಿರುಗಿಸುವ ಬೋಲ್ಟಿನ ಮೈಯ ದಪ್ಪ. ಅರ್ಧ ಅಂಗುಲ ದಪ್ಪದ ಬೋಲ್ಟಿನ ತಲೆ 0.92 ಅಂಗುಲ ಅಗಲವಿರುತ್ತಿತ್ತು. ನನ್ನ ಹೆಬ್ಬೆರಳು ಇಳಿದದ್ದು ಆ ತಲೆಗೆ ಮಾಡಿದ ಬಾಯೊಳಗೆ. ಕೆಲಸಗಾರನಿಗೆ ಬೇಕಾದದ್ದು ಬೋಲ್ಟಿನ ಹೆಸರೇ ಹೊರತು ಉಕ್ಕಿನ ಬಾಯಿಯ ಅಗಲವಲ್ಲ ಎಂಬುದು ಆ ಕಾಲದವರ ಲೆಕ್ಕಾಚಾರವಾಗಿದ್ದಿರಬೇಕು. ನನಗಂತೂ ಅದು ತಪ್ಪೆಂದು ತೋರುವುದಿಲ್ಲ.

ತೊಡಕು ಹುಟ್ಟಿದ್ದು ಆಮೇಲೆ. 1908ರಲ್ಲಿ ಇನ್ನೂ ನವಿರಾದ ಥ್ರೆಡ್ಡಿನ ಬಿ.ಎಸ್.ಎಫ್. ಎಂಬ ಮಾದರಿಯೊಂದು ಹೊರಟಿತು. ಅದರ ಬೋಲ್ಟುಗಳ ತಲೆ ಒಂದು ಮೆಟ್ಟಿಲು ಚಿಕ್ಕದು. ಎರಡನೆಯ ಮಹಾಯುದ್ಧದಲ್ಲಿ ಲೋಹವನ್ನು ಉಳಿಸಬೇಕಾಗಿ ಬಂದು ವಿಟ್‌ವರ್ತ್ ಬೋಲ್ಟುಗಳ ತಲೆಯನ್ನೂ ಆ ಚಿಕ್ಕ ಅಳತೆಗೆ ಇಳಿಸಿದರು. ಯುದ್ಧ ಮುಗಿದರೂ ತಲೆ ಮತ್ತೆ ದೊಡ್ಡದಾಗಲಿಲ್ಲ. ಅಂದರೆ ಯುದ್ಧಪೂರ್ವದ ಸಾಕೆಟ್ಟಿನ ಮೇಲಿನ 1/2 ಎಂಬ ಗುರುತು ಅಳಿಯದೆ ಹಾಗೆಯೇ ಉಳಿಯಿತು. ಅದು ಯಾವ ಬೋಲ್ಟನ್ನು ಹೆಸರಿಸುತ್ತಿತ್ತೋ ಆ ಬೋಲ್ಟು ಮಾತ್ರ ಅದರ ಹಿಡಿತದಿಂದ ಜಾರಿಹೋಯಿತು. ಒಂದೇ ಸಾಕೆಟ್ಟಿನ ಮೇಲೆ 7/16 ಡಬ್ಲ್ಯೂ, 1/2 ಬಿ.ಎಸ್. ಎಂದು ಎರಡೆರಡು ಹೆಸರುಗಳನ್ನು ಒತ್ತಿರುವುದು ಈ ಕಾರಣದಿಂದ. ಮಾವನವರ ಪೆಟ್ಟಿಗೆಯಲ್ಲಿ ಇಂಥ ಜೋಡಿಹೆಸರಿನವು ಒಂಬತ್ತು ಇದ್ದವು.

ನನ್ನ ಕಿರುಬೆರಳು ಹಿಡಿದ ಸಾಕೆಟ್ಟಿನ ವಂಶ ಬೇರೆ. ಅಮೆರಿಕದಲ್ಲಿ ವಿಲಿಯಂ ಸೆಲ್ಲರ್ಸ್ 1864ರಲ್ಲಿ 60 ಡಿಗ್ರಿ ಕೋನದ ಥ್ರೆಡ್ಡನ್ನು ಸೂಚಿಸಿದ್ದನು. ಅರ್ಧ ಅಂಗುಲದ ಬ್ರಿಟಿಷ್ ಬೋಲ್ಟಿನಲ್ಲಿ ಅಂಗುಲಕ್ಕೆ 12 ಸುತ್ತು, ಅಮೆರಿಕದ್ದರಲ್ಲಿ 13. ಯುದ್ಧಕಾಲದಲ್ಲಿ ರೋಲ್ಸ್ ರಾಯ್ಸ್‌ನವರ ಮರ್ಲಿನ್ ವಿಮಾನ ಎಂಜಿನನ್ನು ಅಮೆರಿಕದ ಪ್ಯಾಕರ್ಡ್ ಕಾರ್ಖಾನೆ ತಯಾರಿಸಬೇಕಾದಾಗ, ಅವರು ಬ್ರಿಟಿಷ್ ಥ್ರೆಡ್ಡುಗಳನ್ನೇ ಕೊರೆಯಬೇಕಾಯಿತು. ಈ ಫಜೀತಿಯಿಂದ ಪಾಠ ಕಲಿತು ಬ್ರಿಟನ್, ಅಮೆರಿಕ, ಕೆನಡಾ ಮೂರೂ ಸೇರಿ 1948ರ ನವೆಂಬರ್ 18ರಂದು ವಾಷಿಂಗ್ಟನ್ನಿನಲ್ಲಿ ಏಕೀಕೃತ ಥ್ರೆಡ್ಡಿಗೆ ಸಹಿ ಹಾಕಿದವು. ಇಲ್ಲಿ ಸ್ಪ್ಯಾನರಿನ ಅಂಕಿ ತಲೆಯ ಎದುರುಬದುರು ಮುಖಗಳ ನಡುವಣ ಅಗಲ, ಎ.ಎಫ್. ಎಂಬ ಗುರುತು ಅದಕ್ಕೆ. ಹಿಡಿಯಿಂದ ಕಳಚಿ ಬದಲಾಯಿಸಬಹುದಾದ ಸಾಕೆಟ್ಟುಗಳ ವ್ಯಾಪಾರ ಬೆಳೆದದ್ದೂ ಅಲ್ಲಿಯೇ. ಜೋಸೆಫ್ ಜಾನ್ಸನ್ ಎಂಬಾತ 1920ರಲ್ಲಿ ಸ್ನ್ಯಾಪ್-ಆನ್ ಕಂಪನಿಯನ್ನು ಕಟ್ಟಿ, ಐದು ಹಿಡಿ, ಹತ್ತು ಸಾಕೆಟ್ಟುಗಳ ಜೋಡಣೆಯನ್ನು ಮಾರಿದನು. ಹಿಡಿ ಸಿಕ್ಕಿಸುವ ಚೌಕ ಅಂಗುಲದ ಲೆಕ್ಕದ್ದು. ಜಗತ್ತೆಲ್ಲ ಮಿಲಿಮೀಟರಿಗೆ ಹೊರಳಿದರೂ ಆ ಚೌಕ ಹೊರಳಲಿಲ್ಲ. ಇವತ್ತು ಅಂಗಡಿಯಲ್ಲಿ 19 ಮಿಲಿಮೀಟರಿನ ಸಾಕೆಟ್ಟನ್ನು ಕೊಂಡರೆ ಅದರ ಬೆನ್ನಿನ ರಂಧ್ರ ಅರ್ಧ ಅಂಗುಲವೇ. ಅಂತರರಾಷ್ಟ್ರೀಯ ಮಾನಕದಲ್ಲಿ ಅದನ್ನು 12.5 ಮಿಲಿಮೀಟರು ಎಂದು ಬರೆದಿದ್ದಾರೆ, ಅಳೆದರೆ 12.7.

ಮಿಲಿಮೀಟರಿನವರ ಮನೆಯೂ ಒಂದಾಗಿಲ್ಲ. 1898ರಲ್ಲಿ ಜ್ಯೂರಿಕ್ಕಿನಲ್ಲಿ ಸೇರಿದ ಸಮ್ಮೇಳನ ಥ್ರೆಡ್ಡಿನ ವಿಷಯದಲ್ಲಿ ಒಮ್ಮತಕ್ಕೆ ಬಂದಿತು. ತಲೆಯ ಅಗಲದ ವಿಷಯ ಬೇರೆ. 10 ಮಿಲಿಮೀಟರು ದಪ್ಪದ ಬೋಲ್ಟಿಗೆ ಜರ್ಮನರ ಹಳೆಯ ರೂಢಿಯಲ್ಲಿ 17ರ ಸಾಕೆಟ್ಟು, ಜಪಾನಿನ ಮೋಟಾರುಗಳಲ್ಲಿ 14, ಅಂತರರಾಷ್ಟ್ರೀಯ ಮಾನಕದಲ್ಲಿ 16.

ಇವೆಲ್ಲವೂ ನಮ್ಮ ತಾಲ್ಲೂಕು ಊರಿಗೆ ಬಂದು ಸೇರಿದ ಬಗೆಯನ್ನು ನೋಡಿ. 1955ರಿಂದ ಮದರಾಸಿನಲ್ಲಿ ತಯಾರಾದ ಎನ್‌ಫೀಲ್ಡ್ ಬುಲೆಟ್ಟು ವಿಟ್‌ವರ್ತ್, ಬಿ.ಎಸ್.ಎಫ್. ಮನೆತನದ್ದು. ವಿಲ್ಲಿಸ್ ಜೀಪು, ಅಂಬಾಸಿಡರ್ ಕಾರು ಎ.ಎಫ್.ನವು. 1954ರಲ್ಲಿ ಜೆಮ್‌ಶೆಡ್‌ಪುರದಲ್ಲಿ ಆರಂಭವಾದ ಟಾಟಾ ಮರ್ಸಿಡಿಸ್ ಲಾರಿ ಮಿಲಿಮೀಟರಿನದು; 1961ರಿಂದ ಮೈಸೂರಿನ ಯಾದವಗಿರಿಯಲ್ಲಿ ತಯಾರಾದ, ಜೆಕೊಸ್ಲೊವಾಕಿಯ ಮೂಲದ ಜಾವಾ ಮೋಟಾರುಸೈಕಲ್ಲೂ ಮಿಲಿಮೀಟರಿನದೇ. 1956ರಲ್ಲಿ ಸರ್ಕಾರ ತೂಕ ಅಳತೆಗಳ ಕಾಯಿದೆಯನ್ನು ಮಾಡಿ ಮೆಟ್ರಿಕ್ ಪದ್ಧತಿಯನ್ನು ತಂದಿತು. ಸಂತೆಯ ತಕ್ಕಡಿಯ ಬಟ್ಟುಗಳು ಕೆಲವೇ ವರ್ಷಗಳಲ್ಲಿ ಬದಲಾದವು. ರಸ್ತೆಯ ಮೇಲೆ ಓಡುತ್ತಿದ್ದ ಗಾಡಿಯ ಬೋಲ್ಟನ್ನು ಬದಲಾಯಿಸುವವರು ಯಾರು? ಹೀಗೆ ಒಂದೇ ಪೆಟ್ಟಿಗೆಯಲ್ಲಿ ಮೂರು ಭಾಷೆಗಳು. ಕೆಲವು ಜೋಡಿಗಳು ಒಂದಕ್ಕೊಂದು ಒದಗುತ್ತವೆ: ಮುಕ್ಕಾಲು ಅಂಗುಲ 19.05 ಮಿಲಿಮೀಟರಾದ್ದರಿಂದ 19ರ ಕೆಲಸಕ್ಕೆ ಅದೇ ಸಾಕು. 9/16 ಹಾಗಲ್ಲ. ಅದು 14.29. ಹದಿನಾಲ್ಕರ ತಲೆಯ ಮೇಲೆ ಕೂತಂತೆ ಮಾಡುತ್ತದೆ; ತುಕ್ಕು ಹಿಡಿದ ಬೋಲ್ಟಿಗೆ ಬಲ ಹಾಕಿದೊಡನೆ ಮೂಲೆಗಳನ್ನು ಸವರಿಬಿಡುತ್ತದೆ.

ಇನ್ನು ಗುರುತುಗಳ ಬಾಳಿಕೆ. ಉಕ್ಕನ್ನು ಹದಗೊಳಿಸುವ ಮೊದಲೇ ಅಚ್ಚಿನಿಂದ ಆಳವಾಗಿ ಒತ್ತಿದ ಅಂಕಿ ಬಹುಕಾಲ ಉಳಿಯುತ್ತದೆ. ಪೆಟ್ಟಿಗೆಯಲ್ಲಿ ಓದಲು ಬಂದ ಹಳೆಯವೆಲ್ಲ ಅಂಥವೇ. ಒತ್ತು ತೆಳುವಾಗಿದ್ದರೆ ಲೇಪನಕ್ಕೆ ಮೊದಲು ಮಾಡುವ ಹೊಳಪಿನ ಉಜ್ಜಾಟದಲ್ಲಿಯೇ ಅರ್ಧ ಸವೆದು, ಮೇಲಿನ ಕ್ರೋಮಿನಲ್ಲಿ ಉಳಿದರ್ಧ ಮುಚ್ಚಿಹೋಗುತ್ತದೆ. ಇತ್ತೀಚೆಗೆ ಲೇಸರಿನಿಂದ ಬರೆಯುವ ಅಂಕಿ ನೋಟಕ್ಕೆ ಬಲು ಚೊಕ್ಕ, ಆದರೆ ಮೇಲ್ಮೈಯಲ್ಲಿಯೇ ನಿಲ್ಲುವುದರಿಂದ ಒಂದಕ್ಕೊಂದು ಉಜ್ಜಿ ಮಾಸುತ್ತದೆ. ಬಣ್ಣದ ಗುರುತು ಪೆಟ್ರೋಲಿಗೆ ತಾಳುವುದಿಲ್ಲ. ಸವೆದಮೇಲೆ 13 ಯಾವುದು, 18 ಯಾವುದು? ಭಿನ್ನರಾಶಿಯಲ್ಲಿ ಮೇಲಿನ ಅಂಕಿ ಹೋದರೆ ಉಳಿದ 16ನ್ನು ಹದಿನಾರೆಂದೇ ಓದಿಬಿಡಬಹುದು.

ಆದರೆ ಆ ಸಾಕೆಟ್ಟುಗಳಲ್ಲಿ ಯಾವ ಕಾರ್ಖಾನೆಯೂ ಮಾಡದ ಗುರುತೊಂದಿತ್ತು. ಹಿಂಬದಿಯ ಅಂಚಿನಲ್ಲಿ ಅರದಿಂದ ಎಳೆದ ಗೀರು. ಕೆಲವಕ್ಕೆ ಒಂದು, ಕೆಲವಕ್ಕೆ ಎರಡು, ಕೆಲವಕ್ಕೆ ಇಲ್ಲ. ಮಾವನವರ ಅಂಗಡಿಯಲ್ಲಿ ಬಾಲ್ಯದಿಂದ ಕೆಲಸ ಕಲಿತು ಈಗ ಎಪ್ಪತ್ತು ದಾಟಿರುವ ಹಿರಿಯರೊಬ್ಬರು ಊರಿನಲ್ಲಿಯೇ ಇದ್ದಾರೆ. ಪೆಟ್ಟಿಗೆಯನ್ನು ಅವರ ಮುಂದಿಟ್ಟೆ. ಅವರು ಒಂದು ಸಾಕೆಟ್ಟನ್ನೆತ್ತಿ ಅಂಚಿನ ಮೇಲೆ ಹೆಬ್ಬೆರಳನ್ನು ಆಡಿಸಿದರು.

“ಮೇಷ್ಟ್ರೇ, ಇದು ನಿಮ್ಮ ಮಾವನೋರ ಬರವಣಿಗೆ. ಒಂದು ಗೀರು ಬುಲೆಟ್ಟಿಗೆ, ಎರಡು ಗೀರು ಜೀಪಿಗೆ, ಗೀರಿಲ್ಲದ್ದು ಲಾರಿಗೆ. ನಾವು ಇಸ್ಕೂಲಿಗೆ ಹೋದವರಲ್ಲ. ಹತ್ತು, ಹನ್ನೊಂದು ಅಂದ್ರೆ ಗೊತ್ತಾಗೋದು. ಒಂಬತ್ತರ ಕೆಳಗೆ ಹದಿನಾರು ಅಂದ್ರೆ ನಮಗೇನು ತಿಳೀಬೇಕು?”

ಹುಡುಗನಾಗಿದ್ದಾಗ ಅವರು ಸವೆದ 9/16ನ್ನು ಹದಿನಾಲ್ಕೆಂದು ತಿಳಿದು, ಲಾರಿಯೊಂದರ ಬೋಲ್ಟಿನ ಮೂಲೆಗಳನ್ನೆಲ್ಲ ಸವರಿಬಿಟ್ಟರಂತೆ. ಉಳಿ ಸುತ್ತಿಗೆಯಿಂದ ಆ ಬೋಲ್ಟನ್ನು ತೆಗೆಯುವ ಹೊತ್ತಿಗೆ ಸಂಜೆಯಾಯಿತು. ಲಾರಿಯವನ ಬಾಡಿಗೆ ತಪ್ಪಿತು, ಆ ದಿನದ ಮಜೂರಿಯೂ ಸಿಕ್ಕಲಿಲ್ಲ. “ಹೊಡೀತಾರೆ ಅಂದ್ಕೊಂಡೆ. ಹೊಡೀಲಿಲ್ಲ. ರಾತ್ರಿ ಲಾಂದ್ರ ಇಟ್ಕೊಂಡು ಒಬ್ರೇ ಕೂತು ಎಲ್ಲಕ್ಕೂ ಅರ ಹಾಕಿದ್ರು.” ನಾನು ರಜೆಯಲ್ಲಿ ಎಷ್ಟೋ ಸಲ ಆ ಅಂಗಡಿಯ ಬೆಂಚಿನ ಮೇಲೆ ಕೂತು ಕಾದಂಬರಿ ಓದಿದ್ದೇನೆ. ಮಾವನವರು ಈ ಸಂಗತಿಯನ್ನು ನನ್ನೊಡನೆ ಎಂದೂ ಆಡಿರಲಿಲ್ಲ; ನಾನೂ ಕೇಳಿರಲಿಲ್ಲ.

ಹಿರಿಯರು ಅಲ್ಲಿಯೇ ಜಗಲಿಯ ಮೇಲೆ ಕೂತು ಐವತ್ತೆರಡನ್ನೂ ಮೂರು ಗುಂಪು ಮಾಡಿದರು. ಕನ್ನಡಕವನ್ನು ಹಾಕಿಕೊಳ್ಳಲಿಲ್ಲ. ಇಕ್ಕಟ್ಟಿನ ಜಾಗಕ್ಕೆ ಇಳಿಯಲೆಂದು ಮೈಯನ್ನು ಸಾಣೆ ಹಿಡಿದು ತೆಳುಮಾಡಿದ್ದ ಒಂದರಲ್ಲಿ ಅಂಕಿಯೇ ಹೋಗಿತ್ತು. ಅದರೊಳಗೆ ಬೆರಳಿಟ್ಟು “ಹದಿನೇಳು” ಎಂದರು. ಅಳೆದು ನೋಡಿದೆ, ಹದಿನೇಳೇ. ಒಂದು ಗೀರಿನವನ್ನು ಹಳೆಯ ಬುಲೆಟ್ಟುಗಳನ್ನು ಸರಿಮಾಡುವ ಹುಡುಗನೊಬ್ಬನಿಗೆ ಕೊಡಿಸಿದರು. ಎರಡನ್ನು ಮಾತ್ರ ಅವರೂ ಗುರುತಿಸಲಾರದೆ ಹೋದರು. ಬಾಯಿ ಅಗಲಿಸಿ, ಒಳಮೂಲೆಗಳೆಲ್ಲ ಸವೆದು ದುಂಡಾಗಿದ್ದ ಆ ಎರಡು ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಕುಳಿತಿವೆ.