ಜಮಖಂಡಿಯಲ್ಲಿ ಕಂಡ ಮೂರು ಗೆರೆಗಳು

ಭೀಮನಬೀಡಿನ ಹೊಲಗಳ ಮೇಲೆ ಸಂಜೆಯ ಮಳೆ ಹಿಂದೆಗೆದು, ಪಡುವಣದಿಂದ ಬಿಸಿಲು ಬಿದ್ದೊಡನೆ ಮೂಡಣದಲ್ಲಿ ಕಾಮನಬಿಲ್ಲು ಏಳುವುದನ್ನು ನಾನು ಅನೇಕ ಸಲ ಕಂಡಿದ್ದೇನೆ. ಮಳೆಹನಿ ಬಿಸಿಲನ್ನು ಬಣ್ಣಬಣ್ಣವಾಗಿ ಬಿಡಿಸುವಂತೆಯೇ ಮುಮ್ಮೂಲೆಯ ಗಾಜಿನ ತುಂಡೊಂದು ಬಿಡಿಸಬಲ್ಲುದು. ಅದಕ್ಕೆ ಅಶ್ರಗವೆಂದು ಹೆಸರು. ಗಾಳಿಯಿಂದ ಗಾಜಿನೊಳಕ್ಕೆ ಓರೆಯಾಗಿ ಹೊಕ್ಕ ಕಿರಣದ ವೇಗ ಕುಗ್ಗಿ, ದಾರಿ ಬಾಗುತ್ತದೆ. ಇನ್ನೊಂದು ಮುಖದಿಂದ ಹೊರಬರುವಾಗ ಅದೇ ಕಡೆಗೆ ಮತ್ತಷ್ಟು ಬಾಗುತ್ತದೆ. ಎಲ್ಲ ಬಣ್ಣಗಳೂ ಒಂದೇ ಸಮನಾಗಿ ಬಾಗುವುದಿಲ್ಲ. ನೇರಳೆಯದು ಹೆಚ್ಚಿನ ಬಾಗು, ಕೆಂಪಿನದು ಕಡಿಮೆ. ಈ ಅಲ್ಪ ತಾರತಮ್ಯಕ್ಕೂ ಕನ್ನಡ ನಾಡಿನ ಒಂದು ಊರಿಗೂ ಇರುವ ನಂಟನ್ನು ಕುರಿತು ಇಂದು ಕೆಲವು ಮಾತುಗಳನ್ನು ಹೇಳಬಯಸುತ್ತೇನೆ.

ಬಣ್ಣಗಳನ್ನು ಗಾಜು ಹುಟ್ಟಿಸುವುದಿಲ್ಲ, ಅವು ಬಿಳಿಯ ಬೆಳಕಿನಲ್ಲಿಯೇ ಅಡಗಿವೆ ಎಂಬುದನ್ನು ನ್ಯೂಟನ್ 1672ರಲ್ಲಿ ಪ್ರಕಟಿಸಿದನು. ಬೇರ್ಪಟ್ಟ ಒಂದು ಬಣ್ಣವನ್ನು ಎರಡನೆಯ ಅಶ್ರಗಕ್ಕೆ ಹಾಯಿಸಿದರೆ ಅದು ಬಾಗುತ್ತದೆಯೇ ಹೊರತು ಬೇರೆ ಬಣ್ಣಕ್ಕೆ ತಿರುಗುವುದಿಲ್ಲ ಎಂಬುದೇ ಅವನು ಕೊಟ್ಟ ಸಾಕ್ಷ್ಯ. 1814ರಲ್ಲಿ ಜರ್ಮನಿಯ ಫ್ರೌನ್‌ಹೋಫರ್ ಸೂರ್ಯನ ವರ್ಣಪಟಲದಲ್ಲಿ ನೂರಾರು ಕಪ್ಪು ಗೆರೆಗಳನ್ನು ಕಂಡು, ಮುಖ್ಯವಾದವಕ್ಕೆ ಅಕ್ಷರಗಳ ಹೆಸರಿಟ್ಟನು. ಕಿರ್ಖಾಫ್ ಮತ್ತು ಬುನ್ಸೆನ್ 1859ರಿಂದೀಚೆಗೆ ಆ ಗೆರೆಗಳ ಅರ್ಥವನ್ನು ಬಿಡಿಸಿದರು. ಪ್ರತಿಯೊಂದು ಧಾತುವಿಗೂ ಅದರದೇ ಆದ ಗೆರೆಗಳುಂಟು. ಕಾದ ಅನಿಲ ಅವನ್ನು ಬೆಳಗಿ ತೋರಿಸುತ್ತದೆ. ಅಲ್ಲಿಂದ ಮುಂದೆ ಅಶ್ರಗವು ದೂರದ ಸೂರ್ಯನ ದ್ರವ್ಯವನ್ನು ಓದುವ ಉಪಕರಣವಾಯಿತು.

1868ರ ಆಗಸ್ಟ್ 18ರಂದು ಭಾರತವನ್ನು ಹಾದುಹೋದ ಖಗ್ರಾಸ ಸೂರ್ಯಗ್ರಹಣಕ್ಕೆ ವಿಜ್ಞಾನಿಗಳು ಕಾದಿದ್ದುದು ಈ ಕಾರಣದಿಂದ. ಗ್ರಹಣಕಾಲದಲ್ಲಿ ಸೂರ್ಯನ ಅಂಚಿನಲ್ಲಿ ಕಾಣುವ ಕೆಂಪು ಚಾಚಿಕೆಗಳು ಏನೆಂಬುದು ಆಗ ತೀರ್ಮಾನವಾಗಿರಲಿಲ್ಲ. ಫ್ರಾನ್ಸಿನ ಜಾನ್ಸೆನ್ ಗುಂಟೂರಿಗೆ ಬಂದನು. ಪಟವರ್ಧನರ ಸಂಸ್ಥಾನವಾಗಿದ್ದ ನಮ್ಮ ಜಮಖಂಡಿಯಲ್ಲಿ ದೂರದರ್ಶಕಕ್ಕೆ ಅಶ್ರಗ ಜೋಡಿಸಿ ನಿಂತವನು ಭಾರತದ ಸರ್ವೇಕ್ಷಣೆಯಲ್ಲಿ ದುಡಿಯುತ್ತಿದ್ದ ಲೆಫ್ಟಿನೆಂಟ್ ಜಾನ್ ಹರ್ಷೆಲ್. ಇವನ ಅಜ್ಜ ವಿಲಿಯಂ ಹರ್ಷೆಲ್ 1800ರಲ್ಲಿ ಅಶ್ರಗದ ಬಣ್ಣಗಳಲ್ಲಿ ಉಷ್ಣಮಾಪಕವಿಟ್ಟು, ಕೆಂಪಿನಾಚೆಯ ಕಾಣದ ಕಿರಣಗಳನ್ನು ಅರಿತವನು. ತಂದೆ ಉಪ್ಪುಗಳ ಜ್ವಾಲೆಯನ್ನು ಅದೇ ಬಗೆಯಲ್ಲಿ ಪರಿಶೀಲಿಸಿದವನು. ಮೂರನೆಯ ತಲೆಮಾರಿನ ಅಶ್ರಗ ಜಮಖಂಡಿಗೆ ಬಂದಿತ್ತು.

ಅದು ಮುಂಗಾರಿನ ಕಾಲ. ಮೋಡಗಳು ಗ್ರಹಣವನ್ನು ಮುಚ್ಚುತ್ತ ತೆರೆಯುತ್ತ ಇದ್ದವು. ದೊರೆತ ಎಡೆಯಲ್ಲಿ ಹರ್ಷೆಲ್ ಚಾಚಿಕೆಯತ್ತ ನೋಡಿದಾಗ ಕಂಡದ್ದು ಮೂರು ಹೊಳೆವ ಗೆರೆಗಳು: ಕೆಂಪು, ಕಿತ್ತಳೆ, ನೀಲಿ. ಚಾಚಿಕೆಗಳು ಕಾದ ಅನಿಲವೆಂಬುದು ಅದರಿಂದ ಖಚಿತವಾಯಿತು. ಕೆಂಪು ಮತ್ತು ನೀಲಿ ಗೆರೆಗಳು ಜಲಜನಕದವು. ಕಿತ್ತಳೆಯ ಗೆರೆಯನ್ನು ಅಳೆದು, ಸೋಡಿಯಮ್ಮಿನ ಡಿ ಗೆರೆಯೆಂದು ಅವನು ತೀರ್ಮಾನಿಸಿದನು. ಅದು ಸೋಡಿಯಮ್ ಆಗಿರಲಿಲ್ಲ. ಎರಡರ ಅಂತರ ಎಷ್ಟು ಕಿರಿದೆಂದರೆ, ನೇರಳೆಯಿಂದ ಕೆಂಪಿನವರೆಗಿನ ಪಟ್ಟಿಯನ್ನು ಒಂದು ಗಜಕ್ಕೆ ಹಿಗ್ಗಿಸಿದರೂ ಅವುಗಳ ನಡುವೆ ಕಾಲು ಅಂಗುಲ ಇರದು. ಮೋಡದ ಸಂದಿನಲ್ಲಿ, ನಿಮಿಷಗಳನ್ನು ಎಣಿಸುತ್ತ ನೋಡಿದವನನ್ನು ಯಾರು ದೂರಬಲ್ಲರು?

ಗುಂಟೂರಿನಲ್ಲಿ ಜಾನ್ಸೆನ್ ಹೊಸ ಧಾತುವನ್ನು ಕಂಡನೆಂದು ಹೇಳುವ ವಾಡಿಕೆಯಿದೆ. ಅವನ ನಿಜವಾದ ಸಾಧನೆ ಬೇರೆ. ಗೆರೆಗಳ ಪ್ರಖರತೆಯನ್ನು ಗಮನಿಸಿ, ಮರುದಿನ ಗ್ರಹಣವಿಲ್ಲದೆಯೇ ಚಾಚಿಕೆಗಳನ್ನು ನೋಡುವ ಬಗೆಯನ್ನು ಅವನು ಸಾಧಿಸಿದನು. ಇದನ್ನರಿಯದೆಯೇ ಇಂಗ್ಲೆಂಡಿನ ಲಾಕಿಯರ್ ಅಕ್ಟೋಬರ್ 20ರಂದು ಅದನ್ನು ಸಾಧಿಸಿದನು. ಅವಸರವಿಲ್ಲದೆ ಅಳೆಯುವ ಅವಕಾಶ ದೊರೆತಾಗ ಹಳದಿಯ ಗೆರೆ ಸೋಡಿಯಮ್ಮಿನ ಗೆರೆಗಳಿಂದ ತುಸು ಸರಿದಿರುವುದು ತಿಳಿಯಿತು. ಭೂಮಿಯ ಯಾವ ಧಾತುವಿಗೂ ಅದು ಹೊಂದಲಿಲ್ಲ. ಆ ಅಜ್ಞಾತ ದ್ರವ್ಯಕ್ಕೆ ಸೂರ್ಯನ ಗ್ರೀಕ್ ಹೆಸರಿನಿಂದ ಹೀಲಿಯಂ ಎಂಬ ಹೆಸರಾಯಿತು. ಹಲವರು ಸಂಶಯಪಟ್ಟರು. 1895ರಲ್ಲಿ ರಾಮ್ಸೆ ಯುರೇನಿಯಮ್ಮಿನ ಒಂದು ಖನಿಜದಿಂದ ಹೊರಟ ಅನಿಲದಲ್ಲಿ ಅದೇ ಗೆರೆಯನ್ನು ಕಂಡಾಗ ಸಂಶಯ ಅಳಿಯಿತು.

1871ರ ಡಿಸೆಂಬರ್ 12ರ ಖಗ್ರಾಸವೂ ನಮ್ಮ ನೆರೆಯಲ್ಲಿಯೇ ಆಯಿತು. ಲಾಕಿಯರ್ ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಬೇಕಲ ಕೋಟೆಯಲ್ಲಿ ನಿಂತನು. ಗುಂಡ್ಲುಪೇಟೆಯ ತೆಂಕಣಕ್ಕೆ, ಬಂಡೀಪುರದ ಕಾಡಿನಾಚೆ ಏಳುವ ನೀಲಗಿರಿಯ ದೊಡ್ಡಬೆಟ್ಟದಲ್ಲಿ ಹರ್ಷೆಲ್ ಮತ್ತೊಮ್ಮೆ ಅಶ್ರಗವನ್ನು ಸೂರ್ಯನತ್ತ ತಿರುಗಿಸಿದನು.

ಹೀಲಿಯಮ್ಮಿನ ಕಥೆಯಲ್ಲಿ ಗುಂಟೂರಿನ ಹೆಸರು ಉಳಿಯಿತು, ಜಮಖಂಡಿಯದು ಮರೆಯಾಯಿತು. ಸರಿಯಾದ ಹೆಸರು ಹೇಳಿದವನನ್ನು ಚರಿತ್ರೆ ಗೌರವಿಸುವುದು ನ್ಯಾಯವೇ. ಆದರೆ ಆ ಬೆಳಕನ್ನು ಸೋಡಿಯಮ್ಮೆಂದು ತಿಳಿದು ಅಳೆದವನೂ ಕಂಡದ್ದನ್ನು ಕಂಡಂತೆ ಬರೆದಿಟ್ಟಿದ್ದನು. ಅಂಥ ಬರಹಗಳಿದ್ದುದರಿಂದಲೇ ಮುಂದಿನವರು ತಿದ್ದಲು ಸಾಧ್ಯವಾಯಿತು. ಜಮಖಂಡಿಯ ಆ ಬೆಳಗಿಗೆ ನಮ್ಮ ನಾಡಿನ ಚರಿತ್ರೆಯಲ್ಲಿ ಒಂದು ಸಾಲಾದರೂ ಸಲ್ಲಬೇಕು.