ದಾಸೋಜನ ಆನ್‌ಸೈಟ್

ಆನ್‌ಸೈಟ್ ಹೋಗೋದು ಐಟಿಯವರಿಂದ ಶುರುವಾಯ್ತು ಅಂದ್ಕೊಂಡಿದ್ರೆ, ಒಮ್ಮೆ ಬೇಲೂರಿನ ಚೆನ್ನಕೇಶವ ಗುಡಿಯ ಮದನಿಕೆಗಳ ಪಾದದ ಕೆಳಗೆ ನೋಡಿ. ಗೈಡು ಕನ್ನಡಿ ಹಿಡಿದ ಸುಂದರಿಯನ್ನು ತೋರಿಸ್ತಾನೆ, ನಾವು ಸೆಲ್ಫಿ ತಗೊಂಡು ಮುಂದೆ ಹೋಗ್ತೀವಿ. ಆದರೆ ಕೆಲವು ಮೂರ್ತಿಗಳ ಪೀಠದಲ್ಲಿ ಕೆತ್ತಿದವನ ಹೆಸರೇ ಇದೆ: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ.

ಬಳ್ಳಿಗಾವೆ ಅಂದ್ರೆ ಶಿಕಾರಿಪುರ ತಾಲ್ಲೂಕಿನ ಇಂದಿನ ಬಳ್ಳಿಗಾವಿ, ನಮ್ಮ ಜಿಲ್ಲೆಯ ಹಿರೇಕೆರೂರಿಗೆ ಪಕ್ಕದ ಸೀಮೆ. ಅಲ್ಲಿಂದ ಬೇಲೂರಿಗೆ ನೇರ ಗೆರೆ ಎಳೆದರೂ ಸುಮಾರು 150 ಕಿಲೋಮೀಟರ್. ಗದಗಿನಿಂದ ನಾಗೋಜನೂ ಹೋಗಿದ್ದ. ಅವನಿಗೆ ಇನ್ನೂ ನೂರು ಕಿಲೋಮೀಟರ್ ಹೆಚ್ಚು. (ಹೆಸರಿನ ಕೊನೆಯ 'ಓಜ' ಅಂದ್ರೆ ಗುರು, ಕಲಿಸುವವನು.)

ಇಷ್ಟು ದೂರದವರು ಯಾಕೆ ಬೇಕಾದ್ರು? ನನಗನಿಸೋದು, ಉತ್ತರ ಕಲ್ಲಿನಲ್ಲಿದೆ. ಬಾದಾಮಿ, ಪಟ್ಟದಕಲ್ಲಿನ ಹಳೇ ಗುಡಿಗಳು ಮರಳುಗಲ್ಲಿನವು. 11ನೇ ಶತಮಾನದ ಹೊತ್ತಿಗೆ ನಮ್ಮ ಕಡೆಯವರು ಬಳಪದ ಕಲ್ಲಿಗೆ ಬಂದಿದ್ದರು. ಲಕ್ಕುಂಡಿ, ಹಾವೇರಿಯ ಗುಡಿಗಳನ್ನು ನೋಡಿದ್ರೆ ಗೊತ್ತಾಗುತ್ತೆ. ನೆಲದಿಂದ ತೆಗೆದಾಗ ಮೆತ್ತಗಿರುವ ಈ ಕಲ್ಲು ಗಾಳಿಗೆ ಗಟ್ಟಿಯಾಗುತ್ತೆ. ಕಿವಿಯೋಲೆ, ಸರದ ಮಣಿ, ಬಳ್ಳಿಯ ಎಸಳು ಎಲ್ಲಾ ಬಿಡಿಬಿಡಿಯಾಗಿ ಕೆತ್ತಬಹುದು. 1117ರಲ್ಲಿ ಗುಡಿ ಪ್ರತಿಷ್ಠೆ ಮಾಡಿಸಿದ ಹೊಯ್ಸಳ ವಿಷ್ಣುವರ್ಧನನಿಗೆ ಆ ಪಳಗಿದ ಕೈ ಬೇಕಿತ್ತು.

ಇಲ್ಲೊಂದು ಪೇಚಿದೆ. ಬಳ್ಳಿಗಾವೆ, ಗದಗು ಎರಡೂ ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ನಾಡು. ವಿಷ್ಣುವರ್ಧನ ಅವನ ಸಾಮಂತ, ಅದೂ ತಿರುಗಿಬೀಳುತ್ತಿದ್ದ ಸಾಮಂತ. ಅದೇ ಸುಮಾರಿಗೆ ಅವನ ದಂಡನಾಯಕ ಗಂಗರಾಜ ಕಣ್ಣೇಗಾಲದಲ್ಲಿ ರಾತ್ರೋರಾತ್ರಿ ಚಾಲುಕ್ಯ ಸೈನ್ಯದ ಮೇಲೆ ಬಿದ್ದ. ಅಂದ್ರೆ ಊರಿನ ದೊರೆಗೂ ಕೆಲಸ ಕೊಟ್ಟ ದೊರೆಗೂ ಯುದ್ಧ. ಶಿಲ್ಪಿಗಳು ಮಾತ್ರ ಊರಿನ ಹೆಸರು ಮುಚ್ಚಿಡಲಿಲ್ಲ, ವೈರಿಯ ಗುಡಿಯಲ್ಲೇ ಕಲ್ಲಿಗೆ ಹಾಕಿದರು. ಊರಲ್ಲೇ ಕೂತು ಕೆಲಸ ಮಾಡುವವನಿಗೆ ತನ್ನ ಊರು ಯಾವುದು ಅಂತ ಬರೆಯುವ ದರಕಾರಿಲ್ಲ. ಪರಸ್ಥಳದಲ್ಲಿ, ಪೈಪೋಟಿಯ ನಡುವೆ, ಅದು ಅವನ ವಿಳಾಸವೂ ಹೌದು, ಬ್ರ್ಯಾಂಡೂ ಹೌದು. ಪೈಪೋಟಿ ಸಣ್ಣದಲ್ಲ ಬಿಡ್ರಿ: ಬಿರುದುಳ್ಳ ಶಿಲ್ಪಿಗಳು ಮನ್ಮಥರಾದರೆ ತಾನು ಅವರನ್ನು ಸುಡುವ ಶಿವ ಅಂತ ಚಾವಣ ಕೊಚ್ಚಿಕೊಂಡಿದ್ದಾನೆ. ಲಿಂಕ್ಡ್‌ಇನ್‌ನಲ್ಲಿ ಹಾಗೆ ಬರೆಯೋಕೆ ನಮಗೆ ಧೈರ್ಯ ಸಾಲದು.

ಮುಂದೆ ವಿಷ್ಣುವರ್ಧನನೇ ಉತ್ತರಕ್ಕೆ ಬಂದ. ಕೊನೆಗಾಲದಲ್ಲಿ ಅವನು ಬೀಡುಬಿಟ್ಟಿದ್ದು ಬಂಕಾಪುರದಲ್ಲಿ, ನಮ್ಮ ಹಿರೇಬೆಂಡಿಗೇರಿ ಇರುವ ಶಿಗ್ಗಾಂವಿ ತಾಲ್ಲೂಕಿನಲ್ಲೇ.